ಬಾವಿಯೊಳಗಿನ ಪಂಪು

ನಾನು ಇಂಜಿನಿಯರಿಂಗ್ ಕಾಲೇಜೊಂದರ ಆಪ್ತಸಮಾಲೋಚಕಿ. ನನ್ನ ಬಳಿ ಬಂದ ಒಬ್ಬ ವಿದ್ಯಾರ್ಥಿಯ ಕತೆ ಇದು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಹುಡುಗನನ್ನು 'ಮ' ಎನ್ನೋಣ. ಡಿಪ್ಲೊಮಾ ಮುಗಿಸಿ ನೇರವಾಗಿ ಸಿವಿಲ್ ಎರಡನೇ ವರ್ಷಕ್ಕೆ ಸೇರಿದವನು, ಎಸ್ಸೆಸ್ಸೆಲ್ಸಿವರೆಗೂ ಕನ್ನಡ ಮಾಧ್ಯಮ. ಫ್ಲೂಯಿಡ್ ಮೆಕ್ಯಾನಿಕ್ಸ್, ಅಂದರೆ ನೀರು, ಗಾಳಿಯಂಥವುಗಳ ಒತ್ತಡ, ಹರಿವಿನ ಪಾಠ, ಎರಡು ಸಲ ಹೋಗಿತ್ತು. ಅಪ್ಪನ ಫೋನ್ ತೆಗೆಯುವುದನ್ನೇ ಬಿಟ್ಟಿದ್ದ. "ನಂಗೆ ತಲೆ ಇಲ್ಲ ಮೇಡಂ, ಕಾಲೇಜು ಬಿಡ್ತೀನಿ" ಅಂದ. ನಿದ್ದೆ, ಊಟ ವಿಚಾರಿಸಿದೆ. ಬದುಕೇ ಬೇಡ ಅನ್ನಿಸುತ್ತಾ ಅಂತಲೂ ನೇರವಾಗಿ ಕೇಳಿದೆ. ಇಲ್ಲ ಅಂದ.

ಮೊದಲ ದಿನ ಎಡವಿದ್ದು ನಾನೇ. ಒಂದು ಟೈಮ್‌ಟೇಬಲ್ ಬರೆದು ಕಳಿಸಿಬಿಟ್ಟೆ. ಅವನು ಓದದವನಲ್ಲ, ಜಾಸ್ತಿಯೇ ಓದುತ್ತಿದ್ದ. ಮುಂದಿನ ವಾರ ನೋಟ್‌ಬುಕ್ ತರಿಸಿದೆ. ಹರಿಯುವ ನೀರಿನ ಒತ್ತಡ, ವೇಗ, ಎತ್ತರಗಳನ್ನು ಜೋಡಿಸುವ ಬರ್ನೌಲಿ ಸಮೀಕರಣವನ್ನು ಆರು ಸಲ ಬರೆದಿದ್ದ. ಚಿತ್ರ ಒಂದೂ ಇರಲಿಲ್ಲ.

ನಾನು ಇಂಜಿನಿಯರ್ ಅಲ್ಲ. ಹಾಗಾಗಿ ಅವರ ತೋಟದ ಪಂಪಿನ ಬಗ್ಗೆ ಕೇಳಿದೆ. ಹುಡುಗ ನೆಟ್ಟಗೆ ಕೂತ. ಬೇಸಿಗೆಯಲ್ಲಿ ನೀರು ಇಳಿದಾಗ ಅಪ್ಪ ಪಂಪನ್ನು ಬಾವಿಯೊಳಕ್ಕೆ ಇಳಿಸ್ತಾರಂತೆ. ಯಾಕೆ? "ಮೇಲಿದ್ರೆ ಎಳೆಯಲ್ಲ. ಇಪ್ಪತ್ತು, ಇಪ್ಪತ್ತೈದು ಅಡಿ, ಅಷ್ಟೇ." ಅದು ನಿನ್ನ ಪುಸ್ತಕದಲ್ಲಿ ಎಲ್ಲಿದೆ, ಹುಡುಕಿಕೊಂಡು ಬಾ ಅಂದೆ.

ಬಂದವನು ನನ್ನ ಮೇಜಿನ ಮೇಲೇ ಲೆಕ್ಕ ಹಾಕಿದ. ಗಾಳಿಯ ಒತ್ತಡ 101.3 ಕಿಲೊಪ್ಯಾಸ್ಕಲ್, ಅದನ್ನು ಒಂದು ಘನ ಮೀಟರ್ ನೀರಿನ ತೂಕ 9810 ನ್ಯೂಟನ್‌ನಿಂದ ಭಾಗಿಸಿದರೆ ಎಷ್ಟು ಎತ್ತರಕ್ಕೆ ನೀರು ಏರುತ್ತೆ ಅಂತ. ಉತ್ತರ 0.01 ಮೀಟರ್ ಬಂತು. ಅವನಿಗೇ ನಗು. "ಒಂದು ಸೆಂಟಿಮೀಟರಾ? ನಮ್ದು ಬಾವಿ ಮೇಡಂ, ತಟ್ಟೆ ಅಲ್ಲ!" 'ಕಿಲೊ'ದ ಮೂರು ಸೊನ್ನೆ ಬಿಟ್ಟಿದ್ದ. ಸರಿಮಾಡಿದಾಗ 10.3 ಮೀಟರ್, ಸುಮಾರು 34 ಅಡಿ. ಪೈಪಿನ ಘರ್ಷಣೆ, ನೀರಿನ ಆವಿಯ ಒತ್ತಡ ಕಳೆದರೆ ಅಪ್ಪನ ಇಪ್ಪತ್ತೈದಡಿ ಹತ್ತಿರ ಬರುತ್ತೆ. "ಪಂಪ್ ಎಳೆಯೋದೇ ಅಲ್ಲ, ಗಾಳಿ ತಳ್ಳುತ್ತೆ" ಅಂತ ನನಗೇ ಪಾಠ ಹೇಳಿದ.

ಕೊಟ್ಟ ಸಲಹೆ ದೊಡ್ಡದೇನಲ್ಲ. ಸೂತ್ರ ಮುಟ್ಟುವ ಮೊದಲು ಚಿತ್ರ ಬರೆ. ಎರಡು ಬಿಂದು ಗುರುತಿಸಿ, ಎರಡೂ ಕಡೆಯ ಒತ್ತಡ, ವೇಗ, ಎತ್ತರ ಏನೇನು ಗೊತ್ತು ಅಂತ ಕನ್ನಡದಲ್ಲೇ ಬರೆದುಕೋ. ಯೂನಿಟ್ ಮೊದಲೇ ಬದಲಿಸು. ಉತ್ತರ ಬಂದ ಮೇಲೆ, ಬಾವಿಗೆ ಒಪ್ಪುತ್ತಾ ನೋಡು. ಅವನ ಒಪ್ಪಿಗೆ ಪಡೆದು ಮೇಷ್ಟ್ರ ಜೊತೆಗೂ ಮಾತಾಡಿದೆ. ವಾರಕ್ಕೊಂದು ಅರ್ಧ ಗಂಟೆ ಕೊಡಲು ಒಪ್ಪಿದರು.

ಅಪ್ಪನಿಗೆ ಹೇಳಿಸುವುದೇ ಕಷ್ಟವಾಯಿತು. ಮೂರು ವಾರ ನೆಪ ಹೇಳಿದ. ಕೊನೆಗೆ ನನ್ನ ಕೋಣೆಯ ಹೊರಗೆ ನಿಂತು ಫೋನ್ ಮಾಡಿದ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಂಪಿನ ಫುಟ್‌ವಾಲ್ವ್ ಸೋರ್ತಿದೆ, ಭಾನುವಾರ ಬಾ" ಅಂದರಂತೆ.