ಶೇ 40ರ ಗೆರೆ ಪರೀಕ್ಷೆ ಬರೆಯುವುದಕ್ಕಲ್ಲ

ಓದುಗರ ಪತ್ರ: ನನ್ನ ಮಗ ಎರಡನೇ ಪಿಯುಸಿ. ಬರೆಯೋಕೆ ಕೂತರೆ ಬಲಗೈ ಬಿಗಿದುಕೊಳ್ಳುತ್ತೆ, ನಡುಗುತ್ತೆ. ಅಂಗವೈಕಲ್ಯದ ಪ್ರಮಾಣಪತ್ರದಲ್ಲಿ ಶೇ 30 ಅಂತ ಇದೆ. ಪರೀಕ್ಷೆಗೆ ಸ್ಕ್ರೈಬ್ (ಅವನು ಹೇಳಿದ್ದನ್ನು ಬರೆದುಕೊಡುವವರು) ಕೇಳಿದರೆ, ‘ಶೇ 40 ಇಲ್ಲದವರಿಗೆ ಏನೂ ಇಲ್ಲ’ ಅಂದರು ಕಾಲೇಜಿನವರು. ಅಂಗವಿಕಲರ ಹಕ್ಕು, ಕಾನೂನು ಅಂತ ನೀವು ಬರೆಯುತ್ತೀರಿ. ಅದೆಲ್ಲ ಯಾರಿಗೆ? ಜಾಸ್ತಿ ಜಗಳ ಮಾಡಿದರೆ ಮಗನ ಮೇಲೆ ಕಣ್ಣಿಟ್ಟಾರು ಅಂತ ಭಯ.
– ಹೆಸರು ಬೇಡ, ತಿಪಟೂರು

ಅಮ್ಮಾ,

ಕಾಲೇಜಿನವರು ನಿಮಗೆ ಹೇಳಿದ್ದು ಅಂಗವಿಕಲರ ಬಗೆಗಿನ 1995ರ ಕಾನೂನು. ಅದು ಈಗ ಇಲ್ಲ.

ಆ ಹಳೇ ಕಾಯ್ದೆಯ ಲೆಕ್ಕದಲ್ಲಿ ಶೇ 40 ಇದ್ದರೆ ಮಾತ್ರ ಅಂಗವಿಕಲ. 39 ಇದ್ದವರು ಕಾನೂನಿನ ಕಣ್ಣಿಗೇ ಬೀಳುತ್ತಿರಲಿಲ್ಲ. 2016ರ ಹೊಸ ಕಾಯ್ದೆಯ ಬಗ್ಗೆ ಮಾತು ಬಂದರೆ ಎಲ್ಲರೂ ಹೇಳುವುದು, 7 ಇದ್ದ ಅಂಗವೈಕಲ್ಯಗಳ ಪಟ್ಟಿ 21 ಆಯಿತು, ಸರ್ಕಾರಿ ಕೆಲಸದ ಮೀಸಲಾತಿ ಶೇ 3ರಿಂದ 4ಕ್ಕೆ ಏರಿತು ಅಂತ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ಆ ಕಾಯ್ದೆ ಶೇ 40ರ ಗೆರೆಯನ್ನು ಮೀಸಲಾತಿಯಂಥ ಕೆಲವು ಸವಲತ್ತುಗಳಿಗೆ ಮಾತ್ರ ಇಟ್ಟುಕೊಂಡಿತು. ಉಳಿದ ಹಕ್ಕುಗಳಿಗೆ ಬಹುಕಾಲದ ನ್ಯೂನತೆ ಇದ್ದು, ಅದರಿಂದ ಎಲ್ಲರಂತೆ ಪಾಲ್ಗೊಳ್ಳಲು ತೊಡಕಾಗುತ್ತಿದ್ದರೆ ಸಾಕು. ಪರೀಕ್ಷೆಯಲ್ಲಿ ಹೆಚ್ಚು ಸಮಯ, ಸ್ಕ್ರೈಬ್ ಕೊಡಬೇಕು ಅನ್ನುವ 17ನೇ ಸೆಕ್ಷನ್‌ನಲ್ಲಿ ಶೇಕಡಾವಾರು ಮಾತೇ ಇಲ್ಲ.

ಕಾಯ್ದೆ ಬದಲಾಯಿತು, ಕಚೇರಿಯಲ್ಲಿ ಕೂತವರ ತಲೆ ಬದಲಾಗಲಿಲ್ಲ. ವಿಕಾಸ್ ಕುಮಾರ್ ಎಂಬುವರದ್ದೂ ನಿಮ್ಮ ಮಗನದ್ದೇ ತೊಂದರೆ. 2018ರ ಸಿವಿಲ್ ಸರ್ವೀಸಸ್ ಪರೀಕ್ಷೆಗೆ ಸ್ಕ್ರೈಬ್ ಕೇಳಿದರು. ಆ ಪರೀಕ್ಷೆ ನಡೆಸುವ ಯುಪಿಎಸ್‌ಸಿ ಆಗಲ್ಲ ಅಂದಿತು. ನ್ಯಾಯಮಂಡಳಿಯೂ ದೆಹಲಿ ಹೈಕೋರ್ಟೂ ಅವರ ಕೈ ಹಿಡಿಯಲಿಲ್ಲ. 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಸ್ಕ್ರೈಬ್ ಕೊಡಲು ಶೇ 40 ಕೇಳುವಂತಿಲ್ಲ. ಅದರ ಮೇಲೆ ಕೇಂದ್ರ ಸರ್ಕಾರ 2022ರ ಆಗಸ್ಟ್‌ನಲ್ಲಿ ಶೇ 40ಕ್ಕಿಂತ ಕಡಿಮೆ ಇದ್ದು ಬರೆಯಲು ಕಷ್ಟವಿರುವವರಿಗೆಂದೇ ಮಾರ್ಗಸೂಚಿ ಹೊರಡಿಸಿತು. ಆಮೇಲೂ ತಕರಾರು ನಿಲ್ಲಲಿಲ್ಲ. ಬ್ಯಾಂಕ್ ನೇಮಕಾತಿ ಪರೀಕ್ಷೆಗಳ ವಿಷಯದಲ್ಲಿ ಇನ್ನೊಬ್ಬರು ಅದೇ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಅವರದ್ದು ಶೇ 25. 2025ರ ಫೆಬ್ರುವರಿಯಲ್ಲಿ ಅವರೂ ಗೆದ್ದರು.

ಈ ಗೆರೆಯ ವಿಚಿತ್ರ ಇನ್ನೊಂದಿದೆ. ಮಾತಿನ ತೊಂದರೆ ಇದ್ದ ಒಬ್ಬ ಹುಡುಗನಿಗೆ ಎಂಬಿಬಿಎಸ್ ಸೀಟು ಬೇಕಿತ್ತು. ಶೇ 40 ದಾಟಿದರೆ ಮೀಸಲಾತಿ ಉಂಟು. ಆದರೆ ಅದೇ 40 ದಾಟಿದರೆ ಡಾಕ್ಟರ್ ಓದಲು ಅನರ್ಹ ಎನ್ನುವ ನಿಯಮವೂ ಇತ್ತು! ಅಂದರೆ ಸೀಟು ಕಾಗದದಲ್ಲಿದೆ, ಕೂರುವವರು ಯಾರೂ ಇರುವಂತಿಲ್ಲ. 2024ರಲ್ಲಿ ಸುಪ್ರೀಂ ಕೋರ್ಟ್, ಬರೀ ಅಂಕಿ ನೋಡಿ ತಳ್ಳಬೇಡಿ, ಓದಲು ಆಗುತ್ತದೋ ಇಲ್ಲವೋ ಅದನ್ನು ಪರೀಕ್ಷಿಸಿ ಅಂದಿತು.

ಈಗ ನಿಮ್ಮ ಕೆಲಸಕ್ಕೆ ಬರೋಣ. ಬಾಯಿಮಾತಿನಲ್ಲಿ ಕೇಳಬೇಡಿ. ಬರೆಯಲು ಕಷ್ಟ, ಸ್ಕ್ರೈಬ್ ಬೇಕೇ ಬೇಕು ಅಂತ ಸರ್ಕಾರಿ ಆಸ್ಪತ್ರೆಯ ವೈದ್ಯಕೀಯ ಮಂಡಳಿಯಿಂದ ಬೇರೆಯೇ ಪ್ರಮಾಣಪತ್ರ ಮಾಡಿಸಿ. ಅದರ ಜೊತೆ ಪ್ರಿನ್ಸಿಪಾಲರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಒಂದು ಪ್ರತಿ ಪರೀಕ್ಷಾ ಮಂಡಳಿಗೆ ಹೋಗಲಿ. ‘ಆಗಲ್ಲ’ ಅಂದರೆ ಕಾರಣ ಬರೆದು ಕೊಡಿ ಅನ್ನಿ. ಇದು ಜಗಳ ಅಲ್ಲ. ಬರವಣಿಗೆಯಲ್ಲಿ ‘ಇಲ್ಲ’ ಅನ್ನಲು ಎಷ್ಟೋ ಜನ ಹಿಂಜರಿಯುತ್ತಾರೆ.

ಅದಕ್ಕೂ ಬಗ್ಗದಿದ್ದರೆ ರಾಜ್ಯದ ಅಂಗವಿಕಲರ ಆಯುಕ್ತರಿಗೆ ದೂರು ಕೊಡಬಹುದು. ಆದರೆ ಇಲ್ಲಿ ಕಾಯ್ದೆ ಸ್ವಲ್ಪ ಸೊರಗಿದೆ, ಮುಚ್ಚಿಡುವುದಿಲ್ಲ. ಆಯುಕ್ತರು ಕರೆಸಿ ವಿಚಾರಿಸಬಹುದು, ಕೊನೆಗೆ ಕೊಡುವುದು ಶಿಫಾರಸು. ಅದಕ್ಕೆ ಉತ್ತರಿಸಲು ಅಧಿಕಾರಿಗಳಿಗೆ ಮೂರು ತಿಂಗಳ ಗಡುವು. ಅಷ್ಟರಲ್ಲಿ ಪರೀಕ್ಷೆಯೇ ಮುಗಿದಿರುತ್ತೆ, ಅಲ್ವಾ? ಅದಕ್ಕೇ ಹಾಲ್ ಟಿಕೆಟ್ ಬರುವವರೆಗೆ ಕಾಯದೆ ಈಗಲೇ ಶುರು ಮಾಡಿ.

ಇನ್ನೊಂದು ಮಾತು, ಇದು ಕಾನೂನಿನದ್ದಲ್ಲ. ಸ್ಕ್ರೈಬ್ ಸಿಕ್ಕ ಮಾತ್ರಕ್ಕೆ ಉತ್ತರ ಬರೆಸಲು ಬಂದುಬಿಡುವುದಿಲ್ಲ. ಲೆಕ್ಕದ ಹೆಜ್ಜೆ, ಸಮೀಕರಣ ಎಲ್ಲವನ್ನೂ ಬಾಯಲ್ಲಿ ಹೇಳಿ ಬರೆಸುವುದೇ ಬೇರೆ ಅಭ್ಯಾಸ. ಮಗ ಮನೆಯಲ್ಲಿ ಯಾರನ್ನಾದರೂ ಕೂರಿಸಿಕೊಂಡು ಹಳೇ ಪ್ರಶ್ನೆಪತ್ರಿಕೆಗಳನ್ನು ಹಾಗೆ ಬರೆಸಿ ನೋಡಲಿ.

– ಸಂಪಾದಕ