ಲಾಗಿನ್ ಒಳಗಿನ ಮರದ ತುಂಡು

ತುಮರಿ ಕಡೆಯ ಓದುಗರೊಬ್ಬರ ಪತ್ರ: "ಪಹಣಿ ತೆಗೆಸಲು ಪೇಟೆಗೆ ಹೋಗಿದ್ದೆ. ಕಂಪ್ಯೂಟರ್ ಮುಂದಿದ್ದ ಹುಡುಗ, ಲಾಗಿನ್ ಆಗ್ತಿಲ್ಲ, ನಾಳೆ ಬನ್ನಿ ಎಂದ. ನಾನು ನಾಟಾ ಡಿಪೋದಲ್ಲಿ ಗುಮಾಸ್ತನಾಗಿದ್ದವನು. ನನಗೆ ಗೊತ್ತಿರುವ ಲಾಗ್ ಅಂದರೆ ಮರದ ದಿಮ್ಮಿ. ಅದಕ್ಕೂ ಕಂಪ್ಯೂಟರಿಗೂ ಏನು ಸಂಬಂಧ? ಕನ್ನಡದಲ್ಲಿ ಇದಕ್ಕೆ ಏನೆನ್ನಬೇಕು?"

ಸಂಪಾದಕರ ಉತ್ತರ:

ನಿಮ್ಮ ಅನುಮಾನ ಸರಿಯಾಗಿದೆ. ಇದು ಅದೇ ಮರ.

ನೀವು ಶರಾವತಿ ಹಿನ್ನೀರಿನ ಹೊಳೆಬಾಗಿಲಿನಲ್ಲಿ ಎಷ್ಟೋ ಸಲ ಲಾಂಚ್ ಹತ್ತಿದವರು. ಹಿನ್ನೀರಿನಲ್ಲಿ ಲಾಂಚ್ ಎಷ್ಟು ಜೋರಾಗಿ ಹೋಗುತ್ತಿದೆ ಅಂತ ದಡ ನೋಡಿದರೆ ಗೊತ್ತಾಗುತ್ತಿತ್ತು, ಅಲ್ವಾ? ನಡು ಸಮುದ್ರದಲ್ಲಿ ದಡವೆಲ್ಲಿ? ಅದಕ್ಕೇ ನಾವಿಕರು ಮರದ ತುಂಡಿಗೆ ಹಗ್ಗ ಕಟ್ಟಿ ಹಡಗಿನ ಹಿಂದಿನಿಂದ ನೀರಿಗೆ ಎಸೆಯುತ್ತಿದ್ದರು. ತುಂಡು ಹೆಚ್ಚುಕಮ್ಮಿ ಬಿದ್ದಲ್ಲೇ ನಿಲ್ಲುತ್ತದೆ. ಹಡಗು ಮುಂದೆ ಹೋದಷ್ಟೂ ಹಗ್ಗ ಬಿಚ್ಚಿಕೊಳ್ಳುತ್ತದೆ. ಇಂಗ್ಲೆಂಡಿನ ವಿಲಿಯಂ ಬೋರ್ನ್ 1574ರಲ್ಲೇ ಈ ಉಪಾಯವನ್ನು ಬರೆದಿಟ್ಟಿದ್ದಾನೆ. ಮುಂದೆ ಹಗ್ಗಕ್ಕೆ ಗಂಟು ಹಾಕುವ ಕ್ರಮ ಬಂತು. 47 ಅಡಿ 3 ಇಂಚಿಗೆ ಒಂದು ಗಂಟು, ಜೊತೆಗೆ 28 ಸೆಕೆಂಡಿನ ಮರಳು ಗಡಿಯಾರ. ಮರಳು ಇಳಿಯುವಷ್ಟರಲ್ಲಿ ಐದು ಗಂಟು ಕೈಯಿಂದ ಜಾರಿದರೆ ವೇಗ ಗಂಟೆಗೆ 5 ನಾಟಿಕಲ್ ಮೈಲಿ, ಅಂದರೆ ಸುಮಾರು 9 ಕಿಲೋಮೀಟರ್. ಹಡಗಿನ ವೇಗವನ್ನು ಇವತ್ತಿಗೂ ಗಂಟಿನ ಲೆಕ್ಕದಲ್ಲೇ ಹೇಳುತ್ತಾರೆ. ಎಷ್ಟು ಚೆಂದದ ಬುದ್ಧಿ!

ಆ ಲೆಕ್ಕ ಬರೆಯುವ ಪುಸ್ತಕ ಲಾಗ್ ಬುಕ್ ಆಯಿತು. ಬರಬರುತ್ತಾ ಬುಕ್ ಉದುರಿ ಬರೀ ಲಾಗ್ ಉಳಿಯಿತು. ಪುಸ್ತಕದಲ್ಲಿ ಬರೆಯುವ ಕೆಲಸಕ್ಕೂ ಅದೇ ಹೆಸರು ಬಂತು.

1960ರ ದಶಕದ ಮೊದಲಲ್ಲಿ ಅಮೆರಿಕದ ಎಂಐಟಿ ಎಂಬ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿ ಒಂದೇ ದೊಡ್ಡ ಕಂಪ್ಯೂಟರನ್ನು ಹಲವರು ಒಟ್ಟಿಗೆ ಬಳಸುವ ಏರ್ಪಾಡು ಮಾಡಿದರು. ಯಾರು ಎಷ್ಟು ಹೊತ್ತು ಬಳಸಿದರು ಅನ್ನುವ ಲೆಕ್ಕ ಬೇಕಿತ್ತು. ಹಾಗಾಗಿ ಕೆಲಸಕ್ಕೆ ಕೂರುವವರು ಮೊದಲು 'ಲಾಗಿನ್' ಎಂದು ಟೈಪ್ ಮಾಡಿ ಹೆಸರು ಬರೆಸಬೇಕಿತ್ತು. 1969ರ ಅಕ್ಟೋಬರ್ 29ರಂದು, ಇಂಟರ್ನೆಟ್ಟಿಗೆ ಮೂಲವಾದ ಅರ್ಪಾನೆಟ್ ಜಾಲದಲ್ಲಿ ದೂರದ ಎರಡು ಕಂಪ್ಯೂಟರ್‌ಗಳ ನಡುವೆ ಮೊದಲ ಸಲ ಕಳಿಸಲು ನೋಡಿದ ಮಾತೂ ಇದೇ. ಇಂಗ್ಲಿಷಿನ ಎಲ್, ಓ ಎಂಬ ಮೊದಲ ಎರಡು ಅಕ್ಷರ ಹೋಗುವಷ್ಟರಲ್ಲಿ ಆ ಕಡೆಯ ಯಂತ್ರ ಕೈಕೊಟ್ಟಿತು.

ಇನ್ನು ಕನ್ನಡದ ಮಾತು. 'ಪ್ರವೇಶಿಸಿ' ಅನ್ನುವುದು ನನಗೆ ಅಷ್ಟು ಹಿಡಿಸುವುದಿಲ್ಲ. ಬಾಗಿಲು ದಾಟಿದ್ದು ಅದರಲ್ಲಿದೆ, ಹೆಸರು ಬರೆಸಿದ್ದು ಇಲ್ಲ. 'ಹಾಜರಿ ಹಾಕು' ಜಾಸ್ತಿ ಹತ್ತಿರ. ಆದರೆ 'ಲಾಗಿನ್ ಆಗು' ಅಂತ ನಾವೆಲ್ಲ ಆಡುತ್ತಿದ್ದೇವೆ. ಅದನ್ನು ಸುಮ್ನೆ ಓಡಿಸುವುದು ಬೇಡ. ನಮ್ಮ 'ಕಡತ'ವನ್ನೇ ನೋಡಿ. ಹುಣಸೆ ಬೀಜದ ಅಂಟಿಗೆ ಇದ್ದಿಲ ಪುಡಿ ಕಲಸಿ, ಬಟ್ಟೆಗೆ ಬಳಿದು, ಮಡಿಚಿ, ಬಳಪದಲ್ಲಿ ಬರೆಯುತ್ತಿದ್ದ ಕಪ್ಪು ಪುಸ್ತಕ ಅದು. ಶೃಂಗೇರಿ ಮಠದ ಕಡತಗಳು ಹೆಸರುವಾಸಿ. ಈಗ ಬಟ್ಟೆಯೂ ಇಲ್ಲ, ಬಳಪವೂ ಇಲ್ಲ. ಕಚೇರಿಯ ಫೈಲಿಗೆ ಆ ಹೆಸರು ಉಳಿದಿದೆ.

ಒಂದು ವಿಷಯ ನಿಮ್ಮಿಂದಲೇ ತಿಳಿಯಬೇಕು. ಡಿಪೋದಲ್ಲಿ ದಿಮ್ಮಿಗೆ ನಂಬರ್ ಹೊಡೆದು ಪುಸ್ತಕಕ್ಕೆ ಹತ್ತಿಸುತ್ತಿದ್ದಿರಲ್ಲ, ಆ ಕೆಲಸಕ್ಕೆ ನೀವೆಲ್ಲ ಏನೆನ್ನುತ್ತಿದ್ದಿರಿ? ದಯವಿಟ್ಟು ಬರೆದು ಕಳಿಸಿ.