ಹೆರಿಟೇಜ್‌ನಿಂದಲೇ ಶುರು ಮಾಡಬೇಡಿ

ಸ್ವೀಡನ್ನಿನ ಮೆಟಲ್ ಬ್ಯಾಂಡ್ ಓಪೆತ್ ಬಗ್ಗೆ "2011ರ ನಂತರದ ಓಪೆತ್ ಕೇಳೋದು ದಂಡ ಅಂತ ಹಳೆ ಅಭಿಮಾನಿಗಳು ಹೇಳ್ತಾರೆ, ನಿಜವಾ?" ಅಂತ ಕೇಳಿದ್ದೀರಿ. ದಂಡ ಏನಲ್ಲ. ಆದರೆ ಅವರ ಸಿಟ್ಟಿಗೂ ಕಾರಣ ಇದೆ. 2008ರ ವಾಟರ್‌ಶೆಡ್ ಆಲ್ಬಂನಲ್ಲಿ ಗಂಟಲು ಹರಿಯುವ ಹಾಗೆ ಗ್ರೌಲ್ (ಗುರುಗುಟ್ಟೋ ಗಡಸು ದನಿಯ ಹಾಡುಗಾರಿಕೆ) ಮಾಡಿದ್ದ ಬ್ಯಾಂಡಿನ ಗಾಯಕ ಮಿಕಾಯೆಲ್ ಓಕರ್‌ಫೆಲ್ಟ್ ಮೂರೇ ವರ್ಷಕ್ಕೆ ಹೆರಿಟೇಜ್ ತಂದರು, ಅದು ಶುರುವಾಗೋದೇ ಮೆಲ್ಲನೆಯ ಪಿಯಾನೋದಿಂದ, ಆಮೇಲೆ ಇಡೀ ಆಲ್ಬಂನಲ್ಲಿ ಹುಡುಕಿದರೂ ಒಂದು ಗ್ರೌಲ್ ಇಲ್ಲ, ಎಲ್ಲಾ ಎಪ್ಪತ್ತರ ದಶಕದ ಪ್ರಾಗ್ ರಾಕ್ (ಉದ್ದುದ್ದ, ಜಟಿಲ ಹಾಡುಗಳ ಪ್ರೋಗ್ರೆಸಿವ್ ರಾಕ್) ವಾಸನೆ. ಬಿರಿಯಾನಿ ಅಂತ ಎಲೆ ಮುಂದೆ ಕೂತವರಿಗೆ ಮೊಸರನ್ನ ಬಡಿಸಿದ ಹಾಗೆ. ಮೊಸರನ್ನ ಚೆನ್ನಾಗಿಯೇ ಇತ್ತು, ಅದು ಬೇರೆ ಮಾತು!

ನನಗೆ ನಗು ಬರೋದು ಎಲ್ಲಿ ಗೊತ್ತಾ? 2003ರ ಡ್ಯಾಮ್ನೇಶನ್‌ನಲ್ಲೂ ಗ್ರೌಲ್ ಇರಲಿಲ್ಲ, ಅದನ್ನ ಇವತ್ತಿಗೂ ತಲೆ ಮೇಲೆ ಹೊತ್ತು ತಿರುಗೋರು ಜಾಸ್ತಿ ಜನ ಇದ್ದಾರೆ. ಆದರೆ ಅದಕ್ಕೆ ಸ್ವಲ್ಪ ಮುಂಚೆಯೇ ಡೆಲಿವರೆನ್ಸ್ ಅನ್ನೋ ಭಾರಿ ಆಲ್ಬಂ ಬಂದಿತ್ತಲ್ವಾ, ಹಾಗಾಗಿ ಯಾರಿಗೂ ಮೋಸ ಅನಿಸಲಿಲ್ಲ. ಹೆರಿಟೇಜ್ ಆದಮೇಲೆ ಮಾತ್ರ ಹೊಸ ಸ್ಟುಡಿಯೋ ಆಲ್ಬಂನಲ್ಲಿ ಗ್ರೌಲ್ ಕೇಳೋಕೆ 2024ರವರೆಗೆ ಕಾಯಬೇಕಾಯಿತು. ದಿ ಲಾಸ್ಟ್ ವಿಲ್ ಆಂಡ್ ಟೆಸ್ಟಮೆಂಟ್‌ನ ಮೊದಲ ಹಾಡಲ್ಲೇ ಅದು ಇದೆ.

ನೀವು ಡ್ಯಾಮ್ನೇಶನ್‌ನಿಂದ ಶುರು ಮಾಡಿ. ಹಿಡಿಸಿದರೆ ಹೆರಿಟೇಜ್‌ಗೆ ಹೋಗಿ, ಹೆಡ್‌ಫೋನ್ ಹಾಕಿಕೊಂಡು, ರಾತ್ರಿ ಹೊತ್ತು. ಬಸ್ಸಿನಲ್ಲಿ ಬೇಡ, ಆ ಪಿಯಾನೋ ಕೇಳಿಸೋದೇ ಇಲ್ಲ.